ಮಗುವಿನ ಪೋಟಗಿ

ಬೇರ್ಪಟ್ಟ ದಂಪತಿಗಳ ಮಕ್ಕಳ ಪೋಷಣೆಯ ವೆಚ್ಚವನ್ನು ನಿಗದಿಗೊಳಿಸಿ ವಸೂಲುಮಾಡಿ ಕೊಡುವುದಕ್ಕೆಂದೇ ಅಮೆರಿಕ 1975ರಲ್ಲಿಯೂ, ಆಸ್ಟ್ರೇಲಿಯ 1988ರಲ್ಲಿಯೂ, ಬ್ರಿಟನ್ 1993ರಲ್ಲಿಯೂ ಪ್ರತ್ಯೇಕ ಸರಕಾರಿ ವ್ಯವಸ್ಥೆಗಳನ್ನು ಏರ್ಪಡಿಸಿದವು. ನಮ್ಮಲ್ಲಿ ಅಂಥ ಇಲಾಖೆಯಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಗಂಡಹೆಂಡಿರು ಅಗಲಿದಾಗ ಮಗುವಿನ ಅನ್ನವಸ್ತ್ರಗಳ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೇ ಏರಬೇಕು; ಜನ ಅದನ್ನು ಪೋಟಗಿ ಕೇಸು ಎನ್ನುತ್ತಾರೆ. ಅನ್ಯದೇಶಗಳಲ್ಲಿ ಅಧಿಕಾರಿಯೇ ಶೋಧಿಸಿ ತೆಗೆಯುವ ಸಂಗತಿಗಳನ್ನು ಇಲ್ಲಿ ತಂದೆತಾಯಂದಿರೇ ತಂದೊಪ್ಪಿಸಬೇಕಾಗಿರುವುದರಿಂದ ಅವರ ಹೊಣೆ ಇಮ್ಮಡಿಯಾದುದು.

ಪೋಟಗಿಯೆಂದರೆ ಹೆಂಡತಿ ಗೆದ್ದುಕೊಳ್ಳುವ ಹಣ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಆದರೆ ಮಗುವಿನ ಪಾಲು ಮಗುವಿನದೇ ಸ್ವತಂತ್ರವಾದ ಹಕ್ಕು. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೆಯ ಕಲಮಾಗಲಿ, 1973ರ ಸಂಹಿತೆಯ 125ನೆಯ ಕಲಮಾಗಲಿ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಲಿ, ವಿವಾಹಬಂಧನದೊಳಗೆ ಹುಟ್ಟಿದ ಮಗುವಿಗೂ ಅದರ ಹೊರಗೆ ಹುಟ್ಟಿದ ಮಗುವಿಗೂ ಭೇದವೆಣಿಸಿಲ್ಲ. ಯಲ್ಲಮ್ಮನ ಗುಡ್ಡವಿರುವ ಸವದತ್ತಿಯಲ್ಲಿ ಈ ಮಾತಿಗೆ ವಿಶೇಷವಾದ ಅರ್ಥವುಂಟು. ಅಲ್ಲಿ ನಡೆಯುತ್ತಿದ್ದ ದೇವದಾಸಿ ಸಮರ್ಪಣೆಯನ್ನು 1934ರಲ್ಲಿ ಮುಂಬಯಿ ಪ್ರಾಂತವೂ 1982ರಲ್ಲಿ ಕರ್ನಾಟಕವೂ ಅಧಿನಿಯಮಗಳಿಂದ ನಿಷೇಧಿಸಿದವು. ಅವೆರಡಕ್ಕೂ ಮುಂಚಿನಿಂದಲೇ, ಪಿತೃತ್ವವು ಸಿದ್ಧವಾದಲ್ಲಿ, ದೇವದಾಸಿ ತಾಯಂದಿರ ಮಕ್ಕಳಿಗೆ ತಂದೆಯಿಂದ ಅನ್ನ ಕೇಳುವ ಅಧಿಕಾರವಿತ್ತು. ಅದು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿದುದು ಸಮಾಜವೆಲ್ಲ ಲಜ್ಜೆಪಡತಕ್ಕ ವಿಷಯ.

ತಂದೆತಾಯಂದಿರ ಕರ್ತವ್ಯಗಳಲ್ಲಿ ಮೊದಲನೆಯದು ಸತ್ಯ. ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ, 2020ರ ನವೆಂಬರ್ 4ರಂದು, ಸರ್ವೋಚ್ಚ ನ್ಯಾಯಾಲಯವು ಉಭಯ ಪಕ್ಷದವರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನೆಲ್ಲ ಪ್ರಮಾಣಪತ್ರದ ಮೂಲಕ ತಿಳಿಸತಕ್ಕದ್ದೆಂದು ವಿಧಿಸಿತು. ಪಗಾರದ ನೌಕರನಿಗೆ ಇದು ಸುಲಭ. ಆದರೆ ಮಲಪ್ರಭೆಯ ಕಾಲುವೆಯ ನೀರಿನಲ್ಲಿ ಕಬ್ಬು ಬೆಳೆದು ಕಾರ್ಖಾನೆಯ ಬಿಲ್ಲಿಗಾಗಿ ಕಾದಿರುವ ರೈತನಿಗೂ, ನೇಯ್ದಷ್ಟಕ್ಕೆ ಮಾತ್ರ ಕೂಲಿ ಪಡೆಯುವ ರಾಮದುರ್ಗದ ನೇಕಾರನಿಗೂ ತಿಂಗಳ ಆದಾಯವೆಂಬುದೇ ನಿಶ್ಚಿತವಿಲ್ಲ. ಅಂಥವರು ಇಡೀ ವರ್ಷದ ಲೆಕ್ಕವನ್ನೇ ಮುಂದಿಡುವುದು ಉಚಿತ. ಉತಾರದಲ್ಲಿ ಇನ್ನೂ ಅಜ್ಜನ ಹೆಸರೇ ಇದೆಯೆಂಬ ನೆವದಿಂದ, ತಾನೇ ಉತ್ತು ಬಿತ್ತಿ ಉಣ್ಣುತ್ತಿರುವ ಹೊಲವನ್ನು ತನ್ನದಲ್ಲವೆನ್ನುವ ತಂದೆ ಅಕ್ಷರಶಃ ಸುಳ್ಳಾಡದಿದ್ದರೂ ಮಗುವನ್ನು ವಂಚಿಸಿದಂತೆಯೇ ಸರಿ. ಹೊಲಿಗೆಯಿಂದಲೋ ಹೈನಿನಿಂದಲೋ ಬರುವ ತನ್ನ ಆದಾಯವನ್ನು ತಾಯಿಯೂ ಮುಚ್ಚಿಡಲಾಗದು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ಮಕ್ಕಳ ಪೋಷಣೆಯ ಭಾರವನ್ನು ಇಬ್ಬರ ಮೇಲೆಯೂ ಹೊರಿಸಿದೆ.

ಹಣವನ್ನು ಬ್ಯಾಂಕಿನ ಖಾತೆಗೇ ತುಂಬುವುದು ಕ್ಷೇಮ. ಜಾತ್ರೆಯಲ್ಲಿ ಕಂಡಾಗ, ಹಿರಿಯರ ಎದುರಿಗೆ, ಕೈಯಲ್ಲಿ ಕೊಟ್ಟ ರೂಪಾಯಿಗೆ ಮುಂದೆ ಸಾಕ್ಷಿ ಸಿಗುವುದು ದುರ್ಲಭ. ಪಡೆದವರು ಶಾಲೆಯ ಫೀಸಿನ, ಔಷಧಿಯ ಪಾವತಿಗಳನ್ನು ಜೋಪಾನವಾಗಿಟ್ಟಿರಬೇಕು. ಹಣ ಬಾರದ್ದಕ್ಕಾಗಿ ತಂದೆಯ ಭೇಟಿಯನ್ನು ತಾಯಿ ತಡೆಯುವುದೂ, ಭೇಟಿಗೆ ಅವಕಾಶವಿಲ್ಲವೆಂದು ತಂದೆ ಹಣವನ್ನು ಹಿಡಿದಿಡುವುದೂ ಸಮಾನವಾದ ಅನ್ಯಾಯಗಳು. ಎರಡರಲ್ಲಿಯೂ ದಂಡ ತೆರುವುದು ಮಗುವೇ.

ಮಳೆ ಕೈಕೊಟ್ಟು ಬೆಳೆ ಹೋದರೆ, ಉದ್ಯೋಗ ತಪ್ಪಿದರೆ, ತಾನಾಗಿ ಹಣ ನಿಲ್ಲಿಸದೆ ನಾಗರಿಕ ಸುರಕ್ಷಾ ಸಂಹಿತೆಯ 146ನೆಯ ಕಲಮಿನ ಮೇರೆಗೆ ಮೊತ್ತವನ್ನು ಪರಿಷ್ಕರಿಸುವಂತೆ ನ್ಯಾಯಾಲಯವನ್ನು ಪ್ರಾರ್ಥಿಸತಕ್ಕದ್ದು. ಸಕಾರಣವಿಲ್ಲದೆ ಬಾಕಿಯುಳಿಸಿದರೆ ಪ್ರತಿ ತಿಂಗಳ ಬಾಕಿಗೂ ಒಂದು ತಿಂಗಳವರೆಗಿನ ಕಾರಾವಾಸ ಸಂಭವಿಸಬಹುದು. ಸೆರೆಮನೆಯಲ್ಲಿದ್ದು ಬಂದ ಮಾತ್ರಕ್ಕೆ ಋಣ ತೀರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1988ರಲ್ಲಿಯೇ ಹೇಳಿದೆ. ಬಾಕಿಯ ವಸೂಲಿಗೆ ವಾರಂಟು ಕೇಳುವವರು, ಹಣ ಸಲ್ಲಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆಂಬುದನ್ನು ಮರೆಯಬಾರದು. ಮಧ್ಯಂತರ ಪೋಟಗಿಯ ಅರ್ಜಿಯಾದರೋ, ಎದುರು ಪಕ್ಷಕ್ಕೆ ನೋಟೀಸು ತಲುಪಿದ 60 ದಿನಗಳೊಳಗೆ ಸಾಧ್ಯವಾದಷ್ಟು ಮಟ್ಟಿಗೆ ಇತ್ಯರ್ಥವಾಗತಕ್ಕದ್ದು. ವಕೀಲರಿಗೆ ಕೊಡಲು ಹಣವಿಲ್ಲದ ತಾಯಿ ತಾಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಬಹುದು. 1987ರ ಅಧಿನಿಯಮದಂತೆ ಸ್ತ್ರೀಯರಿಗೂ ಮಕ್ಕಳಿಗೂ, ಆದಾಯವೆಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ.