ಸ್ಮೃತಿಗೊಂದು ಗರಡಿ

ಇಲ್ಲದ ದನಿ ಕೇಳಿಸುವುದು, ಆಧಾರವಿಲ್ಲದ ಶಂಕೆ ಅಚಲ ನಂಬಿಕೆಯಾಗುವುದು—ಇವು ಸೈಕೋಸಿಸ್ ಎಂಬ ಚಿತ್ತವಿಕಲತೆಯ ಮುಖ್ಯ ಲಕ್ಷಣಗಳು. ರೋಗ ಬಲಿಯುವ ಮುನ್ನ ಕೆಲವು ತರುಣರಲ್ಲಿ ಇವುಗಳ ಮಸುಕು ಛಾಯೆ ತೋರುವುದುಂಟು. ನೆನಪೂ ಗಮನವೂ ಕುಂದುವುದುಂಟು. ಅಂಥವರಿಗೆ ಅಪಾಯ ಹೆಚ್ಚು. ಆದರೂ ಅವರಲ್ಲಿ ಬಹುಮಂದಿ ಮುಂದಿನ ಎರಡು ಮೂರು ವರ್ಷಗಳಲ್ಲಿ ರೋಗಕ್ಕೆ ತುತ್ತಾಗುವುದಿಲ್ಲವೆಂಬುದನ್ನು ಮರೆಯಬಾರದು.

ವ್ಯಾಯಾಮದಿಂದ ತೋಳು ಬಲಗೊಳ್ಳುವಂತೆ ಅಭ್ಯಾಸದಿಂದ ಮಿದುಳೂ ಮಾರ್ಪಡುತ್ತದೆ. ಕೇಳಿದ ಮಾತು ಅಲ್ಲಿ ಸ್ಫುಟವಾಗಿ ಅಚ್ಚೊತ್ತದಿದ್ದರೆ ನೆನಪಿನಲ್ಲಿ ನಿಲ್ಲುವುದೆಂತು? ಆದುದರಿಂದ ಒಂದು ಬಗೆಯ ತರಬೇತಿ ಶಬ್ದದಿಂದಲೇ ಮೊದಲಾಗುತ್ತದೆ. ಕಂಪ್ಯೂಟರು ನುಡಿಸಿದ ಸ್ವರದ ಆವೃತ್ತಿ ಏರಿತೋ ಇಳಿಯಿತೋ ಹೇಳಬೇಕು. ಉತ್ತರ ಸರಿಯಾದಂತೆಲ್ಲ ಪರೀಕ್ಷೆ ಕಠಿಣವಾಗುತ್ತದೆ. ಬಳಿಕ ಅಕ್ಷರಗಳು, ಮಾತುಗಳು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಇಂಥ 83 ಮಂದಿ ಇದ್ದರು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಿ, ಒಂದಕ್ಕೆ 40 ಗಂಟೆಗಳ ತರಬೇತಿಯನ್ನೂ ಇನ್ನೊಂದಕ್ಕೆ ಬರಿಯ ಕಂಪ್ಯೂಟರ್ ಆಟಗಳನ್ನೂ ಗೊತ್ತುಮಾಡಿದರು. ಆಟವಾಡಿದವರಿಗಿಂತ ತರಬೇತಿ ಪಡೆದವರ ಮಾತಿನ ನೆನಪು ಉತ್ತಮಗೊಂಡಿತು. ಆದರೆ ರೋಗಲಕ್ಷಣಗಳು ಎರಡು ಗುಂಪುಗಳಲ್ಲಿಯೂ ತಗ್ಗಿದವು! ಎರಡನೆಯ ಗುಂಪು ಇಲ್ಲದಿದ್ದರೆ ಆ ಕೀರ್ತಿಯೂ ತರಬೇತಿಗೇ ಸಲ್ಲುತ್ತಿತ್ತು. ಹೋಲಿಕೆಯಿಲ್ಲದ ಪ್ರಯೋಗ ಹೀಗೆಯೇ ನಮ್ಮನ್ನು ವಂಚಿಸುವುದು.

ಎಂದರೆ, ಈ ಸಾಧನೆ ನೆನಪನ್ನು ಹರಿತಗೊಳಿಸಬಲ್ಲುದು. ರೋಗವನ್ನೇ ತಡೆಯುವುದೆಂದು ಪ್ರಯೋಗ ಸಿದ್ಧಪಡಿಸಿಲ್ಲ. ವೈದ್ಯರ ನೆರವಿಗೆ ಅದು ಪೂರಕವೇ ಹೊರತು ಬದಲಿಯಲ್ಲ. ಆದರೆ ಓದನ್ನು ಕೈಬಿಡುವ ಹಂತಕ್ಕೆ ಬಂದ ವಿದ್ಯಾರ್ಥಿಗೆ, ಕೇಳಿದ ಪಾಠ ನೆನಪಿನಲ್ಲಿ ಉಳಿಯುವುದೇನು ಅಲ್ಪ ಲಾಭವೆ?