ನಿಮಗಿದು ಗೊತ್ತೆ? ಕೃತಕ ಭುಜದ ಪಕ್ಕ ಮೂಳೆ ಮುರಿದರೆ...

ಭುಜದ ಕೀಲು ಬದಲಿಸುವಾಗ ಸಾಮಾನ್ಯವಾಗಿ ತೋಳಿನ ಮೂಳೆಯ ಪೊಳ್ಳಿನೊಳಗೆ ಲೋಹದ ಕಡ್ಡಿ ಇಳಿಸುತ್ತಾರೆ. ವಯಸ್ಸಾದವರು ಜಾರಿ ಬಿದ್ದಾಗ ಆ ಕಡ್ಡಿಯ ತುದಿಯ ಆಸುಪಾಸಿನಲ್ಲಿ ಮೂಳೆ ಮುರಿಯುವುದುಂಟು; ಗಟ್ಟಿ ಲೋಹ ಮುಗಿದು ಟೊಳ್ಳಾದ ಮೂಳೆ ಶುರುವಾಗುವ ಜಾಗವದು. ಎಕ್ಸ್‌ರೇ ನೋಡುವ ವೈದ್ಯರಿಗೆ ಮುಖ್ಯ ಪ್ರಶ್ನೆ: ಕಡ್ಡಿ ಬಿಗಿಯಾಗಿದೆಯೇ, ಸಡಿಲವೇ? ಬಿಗಿಯಾಗಿದ್ದು ಮೂಳೆ ಹೆಚ್ಚು ಜರುಗಿರದಿದ್ದರೆ ಬ್ರೇಸ್ ಕಟ್ಟಿ ಕಾಯಬಹುದು. ಜರುಗಿದ್ದರೆ ಪ್ಲೇಟು ಬೇಕು. ಆದರೆ ಒಳಗೆ ಕಡ್ಡಿಯಿರುವ ಕಡೆ ಉದ್ದದ ಸ್ಕ್ರೂ ತೂರುವುದಿಲ್ಲ; ಅಲ್ಲಿ ಮೂಳೆಯ ಸುತ್ತ ಲೋಹದ ತಂತಿ ಬಿಗಿಯುತ್ತಾರೆ. ಮೂಳೆಗೆ ಆತುಕೊಂಡೇ ಸಾಗುವ ರೇಡಿಯಲ್ ನರಕ್ಕೆ ಪೆಟ್ಟಾದರೆ ಮಣಿಕಟ್ಟು ಜೋತುಬೀಳುತ್ತದೆ, ಹಾಗಾಗಿ ಆ ನರವನ್ನು ಜೋಪಾನವಾಗಿ ಕಾಯಲೇಬೇಕು. ಕಡ್ಡಿಯೇ ಸಡಿಲವಾಗಿದ್ದರೆ ಸಾಮಾನ್ಯವಾಗಿ ಅದನ್ನು ತೆಗೆದು, ಮುರಿತ ದಾಟಿ ಹೋಗುವಷ್ಟು ಉದ್ದದ ಹೊಸದನ್ನು ಕೂರಿಸುತ್ತಾರೆ.