ನಾಲ್ಕು ಅಕ್ಷರಗಳ ಕಥೆ: ಚೀನೀ ನುಡಿಗಟ್ಟುಗಳ ಅರ್ಥವಿಚಾರ

‘ಕೈಕೊಡು’ ಎಂಬ ಕನ್ನಡ ನುಡಿಗಟ್ಟಿಗೆ ನಂಬಿಸಿ ವಂಚಿಸು ಎಂಬ ಅರ್ಥವು ರೂಢಿಯಲ್ಲಿದೆ. ಅದೇ ಪದಗಳಿಂದಾದ ಮರಾಠಿಯ ‘ಹಾತ್ ದೇಣೆ’ ನೆರವಾಗುವುದನ್ನು ಸೂಚಿಸುತ್ತದೆ. ನುಡಿಗಟ್ಟಿನ ಅರ್ಥವು ಅದರ ಪದಗಳ ಮೊತ್ತವಲ್ಲ ಎಂಬುದು ಎರಡು ಭಾಷೆಗಳ ನಡುವೆ ಬಾಳುವ ಗಡಿನಾಡಿನ ವಿದ್ಯಾರ್ಥಿಗಳಿಗೆ ಅನುಭವವೇದ್ಯ. ದೂರದ ಚೀನೀ ಭಾಷೆಯಲ್ಲಿಯೂ ಇದೇ ತತ್ತ್ವವನ್ನು ಕಾಣಬಹುದು.

ಚೀನೀಯರು ಇಂಥ ಸಿದ್ಧನುಡಿಗಳನ್ನು ‘ಚೆಂಗ್‌ಯು’ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ನಾಲ್ಕು ಅಕ್ಷರಗಳವು. ಪ್ರಾಚೀನ ಗ್ರಂಥಭಾಷೆಯ ಬಿಗುವನ್ನು ಉಳಿಸಿಕೊಂಡಿರುವ ಇವುಗಳಲ್ಲಿ ಅನೇಕವುಗಳ ಹಿಂದೆ ಒಂದು ಕಥೆಯಿದೆ. ಕಥೆಯನ್ನರಿಯದೆ ಅರ್ಥವು ತೆರೆದುಕೊಳ್ಳುವುದಿಲ್ಲ.

‘ಷೋ ಜೂ ದಾಯ್ ಥೂ’ ಎಂಬುದನ್ನು ಬಿಡಿಸಿದರೆ ಕಾಯು, ಮರದ ಬೊಡ್ಡೆ, ನಿರೀಕ್ಷಿಸು, ಮೊಲ ಎಂದಾಗುತ್ತದೆ. ಇದರ ಮೂಲವು ಕ್ರಿ.ಪೂ. 3ನೆಯ ಶತಮಾನದ ಚಿಂತಕ ಹಾನ್ ಫೇಯ ಹೆಸರಿನ ಗ್ರಂಥದಲ್ಲಿದೆ. ಸೋಂಗ್ ನಾಡಿನ ರೈತನೊಬ್ಬನ ಹೊಲದಲ್ಲಿ ಓಡಿಬಂದ ಮೊಲವೊಂದು ಬೊಡ್ಡೆಗೆ ಬಡಿದು ಕತ್ತು ಮುರಿದು ಸತ್ತಿತು. ಅಂದಿನಿಂದ ಆತನು ಉಳುಮೆ ಬಿಟ್ಟು, ಇನ್ನೊಂದು ಮೊಲಕ್ಕಾಗಿ ಅಲ್ಲಿಯೇ ಕಾದು ಕುಳಿತನು. ಮೊಲ ಬರಲಿಲ್ಲ, ಆತನು ನಾಡಿಗೆಲ್ಲ ನಗೆಪಾಟಲಾದನು. ಗತಕಾಲದ ಅರಸರ ನೀತಿಯಿಂದಲೇ ತಮ್ಮ ಕಾಲದ ಜನರನ್ನು ಆಳಬಯಸುವವರನ್ನು ಟೀಕಿಸಲು ಹಾನ್ ಫೇ ಈ ಕಥೆಯನ್ನು ಹೇಳಿದನು. ಇಂದು ದುಡಿಯದೆ ಅದೃಷ್ಟವನ್ನು ಕಾಯುವವರ ಬಗ್ಗೆ ಈ ನುಡಿ ಬಳಕೆಯಾಗುತ್ತದೆ.

ಇದಕ್ಕೆ ‘ಕಾಕತಾಲೀಯ’ ಎಂಬುದು ಸಮಾನಪದವೆಂದು ತೋರಬಹುದು. ಆದರೆ ಕಾಗೆ ಕುಳಿತುದಕ್ಕೂ ತಾಳೆಹಣ್ಣು ಬಿದ್ದುದಕ್ಕೂ ಇರುವ ಆಕಸ್ಮಿಕ ಹೊಂದಿಕೆಯನ್ನಷ್ಟೇ ಕಾಕತಾಲೀಯ ನ್ಯಾಯವು ಹೆಸರಿಸುತ್ತದೆ. ಚೀನೀ ನುಡಿಯಾದರೋ ಆಕಸ್ಮಿಕವನ್ನೇ ನಿಯಮವೆಂದು ನಂಬುವ ಅವಿವೇಕವನ್ನು ಕುರಿತದ್ದು. ಹೀಗಾಗಿ ಒಂದು ಮತ್ತೊಂದರ ಅನುವಾದವಾಗಲಾರದು. ಇದಕ್ಕೆ ಪ್ರತಿಯಾಗಿ, ‘ಜ್ವಾಂಗ್‌ಜಿ’ ಎಂಬ ಪ್ರಾಚೀನ ಗ್ರಂಥದ ಕಥೆಯಿಂದ ಬಂದ ‘ಬಾವಿಯ ತಳದ ಕಪ್ಪೆ’ ಎಂಬ ಚೆಂಗ್‌ಯುವಿಗೆ ನಮ್ಮ ‘ಕೂಪಮಂಡೂಕ’ವು ಬಹುಮಟ್ಟಿಗೆ ಒಪ್ಪುತ್ತದೆ. ಬಾವಿಯೇ ಜಗತ್ತೆಂದು ಬೀಗುತ್ತಿದ್ದ ಕಪ್ಪೆಯು ಕಡಲಾಮೆಯಿಂದ ಸಮುದ್ರದ ವೈಶಾಲ್ಯವನ್ನು ಕೇಳಿ ಬೆರಗಾಗುವುದೇ ಆ ಕಥೆ.

ಕೆಲವೊಮ್ಮೆ ಕಥೆಯನ್ನು ಬಲ್ಲವನೂ ಎಡವುವುದುಂಟು. ‘ಬೆಳಗ್ಗೆ ಮೂರು, ಸಂಜೆ ನಾಲ್ಕು’ ಎಂಬ ಚೆಂಗ್‌ಯುವಿನ ಕಥೆಯೂ ‘ಜ್ವಾಂಗ್‌ಜಿ’ಯಲ್ಲಿದೆ. ಬೆಳಗ್ಗೆ ಮೂರು, ಸಂಜೆ ನಾಲ್ಕು ಪಾಲು ಕಾಯಿಗಳನ್ನು ಕೊಡುವೆನೆಂದು ಸಾಕಿದವನು ಹೇಳಿದಾಗ ಕೋತಿಗಳು ಸಿಟ್ಟಾದವು. ಬೆಳಗ್ಗೆ ನಾಲ್ಕು, ಸಂಜೆ ಮೂರು ಎಂದಾಗ ಹಿಗ್ಗಿದವು. ಎರಡರಲ್ಲಿಯೂ ಮೊತ್ತ ಏಳೇ. ಕಥೆಯಿಂದ ಹೊರಡುವ ಅರ್ಥವು ತೋರಿಕೆಗೆ ಮರುಳಾಗುವುದು. ಇಂದಿನ ಬಳಕೆಯಲ್ಲಾದರೋ ಅದು ಮನಸ್ಸನ್ನು ಪದೇಪದೇ ಬದಲಿಸುವ ಚಂಚಲತೆಯನ್ನು ಸೂಚಿಸುತ್ತದೆ.

ಆದುದರಿಂದ ನುಡಿಗಟ್ಟೊಂದನ್ನು ಕಲಿಯುವಾಗ ಪದಾರ್ಥ, ಮೂಲಕಥೆ, ಇಂದಿನ ಬಳಕೆ ಎಂಬ ಮೂರನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ಕನ್ನಡದ ಸಮಾನ ನುಡಿಯನ್ನು ಅರಸುವುದು ಅನಂತರದ ಕೆಲಸ. ‘ಕೈಕೊಟ್ಟನು’ ಎಂಬುದನ್ನು ಮರಾಠಿಗೆ ತರುವವನು ಈ ಕ್ರಮವನ್ನು ಮರೆತರೆ, ವಂಚಕನು ಉಪಕಾರಿಯಾಗಿಬಿಡುತ್ತಾನೆ.